ಬಾಡಿಗೆ, ಫೀಸು ಬಿಟ್ಟು ಉಳಿದ ಖರ್ಚಿನಲ್ಲಿ ಎಲ್ಲಿ ಉಳಿಸಬಹುದು?

ಯಲಹಂಕದ ಹೊಲಿಗೆ

ಎಲ್ಲರಿಗೂ ನಮಸ್ಕಾರ. ನಮ್ಮದು ಐದು ಜನರ ಮನೆ. ಮನೆಯವರಿಗೆ ಖಾಸಗಿ ಕೆಲಸ. ನಾನು ಮನೆಯಲ್ಲೇ ಬ್ಲೌಸ್, ಫಾಲ್ಸ್ ಹೊಲಿಯುತ್ತೇನೆ. ಇಬ್ಬರು ಮಕ್ಕಳು, ಜೊತೆಗೆ ಅತ್ತೆ. ಬಾಡಿಗೆ, ಶಾಲೆ ಫೀಸು, ಚೀಟಿ ದುಡ್ಡು, ಇವನ್ನು ಮುಟ್ಟುವ ಹಾಗಿಲ್ಲ. ಉಳಿಯುವುದು ದಿನಸಿ, ತರಕಾರಿ, ಹಾಲು, ಗ್ಯಾಸು, ಕರೆಂಟು, ನೀರು ಮತ್ತು ಅತ್ತೆಯವರ ಬಿಪಿ, ಶುಗರ್ ಮಾತ್ರೆ. ಉಳಿಸುವುದಾದರೆ ಇಷ್ಟರಲ್ಲೇ ಉಳಿಸಬೇಕು.

ಒಂದೇ ಒಂದು ಕೋರಿಕೆ. ಮಕ್ಕಳ ಹಾಲು ಕಡಿಮೆ ಮಾಡಿ, ಹಣ್ಣು ನಿಲ್ಲಿಸಿ ಅಂತ ದಯವಿಟ್ಟು ಹೇಳಬೇಡಿ. ಊಟ ಕಡಿಮೆ ಮಾಡದೆ ಖರ್ಚು ಕಡಿಮೆ ಮಾಡುವ ದಾರಿ ಬೇಕು. ನೀವು ನಿಮ್ಮ ಮನೆಯಲ್ಲಿ ನಿಜವಾಗಿ ಮಾಡುತ್ತಿರುವುದನ್ನು ಹೇಳಿ.

ಮೈಸೂರು ಉಗ್ರಾಣ

ತಂಗೀ, ಮೊದಲು ಒಂದು ತಿಂಗಳು ಏನನ್ನೂ ಕಡಿಮೆ ಮಾಡಬೇಡ. ಸುಮ್ನೆ ಬರೆದಿಡು. ಹಾಲಿನವನಿಗೆ ಕೊಟ್ಟಿದ್ದು, ಗಾಡಿಯವನ ಹತ್ತಿರ ಕೊತ್ತಂಬರಿ ತಗೊಂಡಿದ್ದು, ಫೋನಿನಲ್ಲಿ ಸ್ಕ್ಯಾನ್ ಮಾಡಿ ಕೊಟ್ಟ ಇಪ್ಪತ್ತು ರೂಪಾಯಿ, ಎಲ್ಲವೂ ಪುಸ್ತಕಕ್ಕೆ ಬರಲಿ. ನೋಟು ಕೊಡುವಾಗ ಕೈಗೆ ಗೊತ್ತಾಗುತ್ತಿತ್ತು. ಫೋನಿನಲ್ಲಿ ಅದು ಗೊತ್ತಾಗುವುದಿಲ್ಲ. ಬರೆದಾಗಲೇ ಗೊತ್ತಾಗುವುದು.

ಆಮೇಲೆ ದಿನಸಿಯನ್ನು ಎರಡು ಭಾಗ ಮಾಡಿಕೋ. ಒಂದು ತಿಂಗಳ ಸಾಮಾನು, ಇನ್ನೊಂದು ವರ್ಷದ ಸಾಮಾನು. ನಮ್ಮ ಮನೆಯಲ್ಲಿ ತೊಗರಿಬೇಳೆ, ಒಣಮೆಣಸಿನಕಾಯಿ, ಹುಣಸೆಹಣ್ಣು, ಈ ಮೂರನ್ನು ವರ್ಷಕ್ಕೊಮ್ಮೆ ಸುಗ್ಗಿಯಲ್ಲೇ ತರುತ್ತೇವೆ. ಹೊಸ ತೊಗರಿ ಜನವರಿ ಹೊತ್ತಿಗೆ ಬರಲು ಶುರುವಾಗುತ್ತದೆ. ಕಲಬುರಗಿ ಬೇಳೆ ಸಿಕ್ಕರೆ ಅದನ್ನೇ ತಗೋ. 2019ರಲ್ಲಿ ಅದಕ್ಕೆ ಜಿಐ ಟ್ಯಾಗ್, ಅಂದರೆ ಆ ಊರಿನದೇ ವಿಶೇಷ ಬೆಳೆ ಅನ್ನುವ ಸರ್ಕಾರಿ ಗುರುತು ಸಿಕ್ಕಿದೆ. ಬೇಗ ಬೇಯುತ್ತದೆ, ಗ್ಯಾಸೂ ಉಳಿಯುತ್ತದೆ. ಬ್ಯಾಡಗಿ ಮೆಣಸಿನಕಾಯಿ ಜನವರಿಯಿಂದ ಮಾರ್ಚ್‌ವರೆಗೆ ಜಾಸ್ತಿ ಬರುತ್ತದೆ. ಹುಣಸೆಹಣ್ಣು ಅದರ ಬೆನ್ನಿಗೇ.

ತಂದರೆ ಸಾಲದು, ಕಾಪಾಡಬೇಕು. ಬೇಳೆಯನ್ನು ಬಿಸಿಲಿಗೆ ಹರಡಿ, ಕಸ ಆರಿಸಿ, ಕೆಜಿಗೆ ಒಂದು ಚಮಚದ ಲೆಕ್ಕದಲ್ಲಿ ಹರಳೆಣ್ಣೆ ಹಾಕಿ ಅಂಗೈಯಲ್ಲಿ ಉಜ್ಜಬೇಕು. ಪ್ರತಿ ಕಾಳಿಗೂ ಎಣ್ಣೆ ಹತ್ತಿ ಮಿರಮಿರ ಅನ್ನಬೇಕು. ಆಮೇಲೆ ಡಬ್ಬಿ. ಹುಳ ಹತ್ತಿರ ಬರುವುದಿಲ್ಲ. ಬೇಯಿಸುವ ಮುಂಚೆ ಬಿಸಿನೀರಿನಲ್ಲಿ ತೊಳೆದರೆ ಎಣ್ಣೆ ಹೋಗುತ್ತದೆ. ಮೆಣಸಿನಕಾಯಿಯನ್ನು ಮಹಡಿ ಮೇಲೆ ಹಳೇ ಸೀರೆ ಹಾಸಿ ಒಣಗಿಸಿ. ಕೈಯಲ್ಲಿ ಹಿಡಿದು ಅಲ್ಲಾಡಿಸಿದಾಗ ಬೀಜ ಗಲಗಲ ಅಂದರೆ ಸಾಕಾಯಿತು ಅಂತ. ಹಸಿ ಇದ್ದಾಗಲೇ ಡಬ್ಬಿಗೆ ಹಾಕಿದರೆ ಬೂಷ್ಟು ಬಂದು ಎಲ್ಲಾ ಹಾಳು. ರವೆ ತಂದ ದಿನವೇ ಹುರಿದಿಡು.

ಎಲ್ಲವನ್ನೂ ಹೀಗೆ ತರಬೇಡ ಮತ್ತೆ. ಗೋಧಿಹಿಟ್ಟು, ಕಡಲೆಹಿಟ್ಟು, ಕೊಬ್ಬರಿ, ಎಣ್ಣೆ ತಿಂಗಳಿಗಾಗುವಷ್ಟು ಸಾಕು. ಕಮಟು ಹಿಡಿದು ಬಿಸಾಡಿದರೆ ಅಗ್ಗಕ್ಕೆ ತಂದು ಏನು ಬಂತು?

ಮೀಟರ್ ರೀಡಿಂಗ್

ಕರೆಂಟಿನ ವಿಷಯ ನಾನು ಹೇಳುತ್ತೇನೆ ಮೇಡಂ. ಸಲಹೆ ಕೊಡುವ ಮುಂಚೆ ಒಂದು ಪ್ರಶ್ನೆ. ನಿಮಗೆ ಗೃಹಜ್ಯೋತಿ ಇದೆಯಾ? ಬಿಲ್ಲಿನಲ್ಲಿ ನಿಮ್ಮ ಅರ್ಹತೆಯ ಯೂನಿಟ್ ಎಷ್ಟು ಅಂತ ನೋಡಿ.

ಯಾಕೆ ಕೇಳಿದೆ ಅಂದರೆ, ಬಹಳ ಜನ 200 ಯೂನಿಟ್ ಎಲ್ಲರಿಗೂ ಉಚಿತ ಅಂದುಕೊಂಡಿದ್ದಾರೆ. ಹಾಗಲ್ಲ. 2022–23ರಲ್ಲಿ ಆ ಮೀಟರಿನಲ್ಲಿ ತಿಂಗಳಿಗೆ ಸರಾಸರಿ ಎಷ್ಟು ಓಡಿದೆಯೋ ಸಾಮಾನ್ಯವಾಗಿ ಅದಕ್ಕೆ ಶೇ 10 ಸೇರಿಸುತ್ತಾರೆ. ಅದು ನಿಮ್ಮ ಪಾಲು. ಸರಾಸರಿ 100 ಇದ್ದರೆ 110 ಉಚಿತ. 130 ಓಡಿಸಿದರೆ ಮೇಲಿನ 20ಕ್ಕೆ ಕಟ್ಟಬೇಕು. 200 ದಾಟಿದರೆ ಆ ತಿಂಗಳ ಪೂರ್ತಿ ಬಿಲ್ಲು ನಿಮ್ಮದೇ. ಹಳೇ ಲೆಕ್ಕವೇ ಇಲ್ಲದ ಹೊಸ ಮನೆಗಳಿಗೆ ರಾಜ್ಯದ ಸರಾಸರಿ 53 ಯೂನಿಟ್ ಹಿಡಿದು, ಅದಕ್ಕೆ ಶೇ 10 ಸೇರಿಸಿ ಕೊಟ್ಟರು.

ಹಾಗಾಗಿ ನಿಮ್ಮ ಬಿಲ್ಲು ಸೊನ್ನೆ ಬರುತ್ತಿದ್ದರೆ, ಹಣ ಉಳಿಸಲು ಅಂತ ಹೊಸ ಫ್ಯಾನು ತರಬೇಡಿ. ನಿಮಗೆ ಒಂದು ರೂಪಾಯಿಯೂ ವಾಪಸ್ ಬರುವುದಿಲ್ಲ. ಪಾಲಿಗಿಂತ ಸ್ವಲ್ಪ ಮೇಲೆ ಹೋಗುತ್ತಿದ್ದರೆ, ಅಥವಾ 200ರ ಅಂಚಿನಲ್ಲಿದ್ದರೆ ಮಾತ್ರ ಪ್ರತಿ ಯೂನಿಟ್ಟಿಗೂ ಬೆಲೆ ಇದೆ. ಅಂಚಿನಲ್ಲಿರುವವರು ತಿಂಗಳ ನಡುವೆ ಒಮ್ಮೆ ಮೀಟರ್ ನೋಡುವ ಅಭ್ಯಾಸ ಮಾಡಿಕೊಳ್ಳಿ.

ಯಲಹಂಕದ ಹೊಲಿಗೆ

@ಮೀಟರ್ ರೀಡಿಂಗ್ ಸರ್, ನಾವು ಬಾಡಿಗೆಗೆ ಬಂದು ವರ್ಷವಾಯಿತು. ನಮಗೆ ಗೃಹಜ್ಯೋತಿ ಇಲ್ಲ. ಓನರ್ ಕೇಳಿದರೆ ಹಳೇ ಬಾಡಿಗೆಯವರ ಹೆಸರಲ್ಲಿದೆ ಅನ್ನುತ್ತಾರೆ. ಮನೆಗೆ ಬೇರೆ ಮೀಟರ್ ಇದೆ. ತಿಂಗಳಿಗೆ 150ರ ಆಸುಪಾಸು ಓಡುತ್ತದೆ. ಗೀಸರ್ ಇದೆ.

ಮೀಟರ್ ರೀಡಿಂಗ್

ಹಾಗಾದರೆ ನಿಮ್ಮ ಮೊದಲ ಕೆಲಸ ಅದೇ. ಬಾಡಿಗೆದಾರರಿಗೂ ಈ ಯೋಜನೆ ಇದೆ. ಬಾಡಿಗೆ ಕರಾರು ಪತ್ರ, ಆಧಾರ್, ಬಿಲ್ಲಿನ ಮೇಲಿರುವ ಖಾತೆ ಸಂಖ್ಯೆ ಇಟ್ಟುಕೊಂಡು ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಅರ್ಜಿ ಹಾಕಬೇಕು. ಆ ಮೀಟರಿಗೆ ಹಳೇ ಬಾಡಿಗೆಯವರ ಆಧಾರ್ ಜೋಡಣೆ ಇದ್ದರೆ ಮೊದಲು ಅದನ್ನು ತೆಗೆಸಬೇಕು. ಅದಕ್ಕೂ ಅಲ್ಲೇ ಅವಕಾಶ ಇದೆ. ಅವರನ್ನು ಸಂಪರ್ಕಿಸಿ ಅವರಿಂದಲೇ ಮಾಡಿಸಿ. ಆಗದಿದ್ದರೆ ಬಿಲ್ಲು ಹಿಡಿದು ನಿಮ್ಮ ಬೆಸ್ಕಾಂ ಉಪವಿಭಾಗದ ಕಚೇರಿಗೆ ಹೋಗಿ. ನೀವೂ ಮನೆ ಬಿಡುವಾಗ ನಿಮ್ಮದನ್ನು ತೆಗೆಸಿ ಹೋಗಿ, ಮುಂದೆ ಬರುವವರಿಗೆ ಇದೇ ಕಷ್ಟ ಆಗಬಾರದು.

ಗೀಸರ್ ಬಗ್ಗೆ ಹೇಳುತ್ತೇನೆ. 2 ಕಿಲೋವಾಟ್ ಗೀಸರ್ ಅರ್ಧ ಗಂಟೆ ಪೂರ್ತಿ ಕಾದರೆ ಒಂದು ಯೂನಿಟ್. 15 ಲೀಟರ್ ನೀರನ್ನು 25 ಡಿಗ್ರಿಯಿಂದ 60 ಡಿಗ್ರಿಗೆ ತರಲು ಸುಮಾರು 0.6 ಯೂನಿಟ್ ಸಾಕು. ಉಳಿದಿದ್ದೆಲ್ಲ ಸ್ವಿಚ್ ಆಫ್ ಮಾಡದೆ ಬಿಟ್ಟಿದ್ದಕ್ಕೆ ಹೋಗುವುದು. ಎಲ್ಲರೂ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸಿ. ಥರ್ಮೋಸ್ಟಾಟ್ 50–55ಕ್ಕೆ ಇಳಿಸಿ. ಕುದಿಯುವಷ್ಟು ಕಾಯಿಸಿ ಆಮೇಲೆ ತಣ್ಣೀರು ಬೆರೆಸುವುದರಲ್ಲಿ ಅರ್ಥವಿಲ್ಲ.

ಫ್ಯಾನಿನ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಹಳೇ ಫ್ಯಾನು 75 ವಾಟ್, ಕಡಿಮೆ ಕರೆಂಟಿನಲ್ಲಿ ಓಡುವ ಹೊಸ ಬಿಎಲ್‌ಡಿಸಿ ಫ್ಯಾನು 30 ವಾಟ್. ದಿನಕ್ಕೆ 12 ಗಂಟೆ ಓಡಿದರೆ ತಿಂಗಳಿಗೆ ಸುಮಾರು 16 ಯೂನಿಟ್ ಉಳಿತಾಯ. ಯೂನಿಟ್ಟಿಗೆ 6 ರೂಪಾಯಿ ಅಂತಿಟ್ಟುಕೊಂಡರೂ ನೂರು ರೂಪಾಯಿ ಹತ್ತಿರ. ರಾಯಚೂರು, ಕಲಬುರಗಿ ಕಡೆ ವರ್ಷವಿಡೀ ಫ್ಯಾನು ಓಡುವ ಮನೆಗೆ ಇದು ಸರಿ. ಯಲಹಂಕದ ಚಳಿಗೆ ಅವಸರವಿಲ್ಲ. ಹಳೇ ಫ್ಯಾನು ಕೆಟ್ಟಾಗ ಬದಲಿಸಿ, ಸಾಕು.

ಕುಂದಾಪ್ರದ ಹಿತ್ತಿಲು

ಊಟ ಕಡಿಮೆ ಮಾಡದೆ ಅಂದಿರಲ್ಲ, ಆ ಮಾತು ಇಷ್ಟವಾಯಿತು. ನಮ್ಮ ಕಡೆ ಅಡುಗೆಯಲ್ಲಿ ಬಿಸಾಡುವುದು ಅಂತ ಇರುವುದೇ ಕಮ್ಮಿ. ಹೀರೇಕಾಯಿ ಸಿಪ್ಪೆ ಚಟ್ನಿಗೆ. ಬಾಳೆಕಾಯಿ ಸಿಪ್ಪೆ ಪಲ್ಯಕ್ಕೆ. ಹರಿವೆ ದಂಟು ಹುಳಿಗೆ. ಕಲ್ಲಂಗಡಿಯ ಬಿಳಿ ತಿರುಳು ದೋಸೆಗೆ. ಹಲಸಿನ ಬೀಜ ಮಳೆಗಾಲಕ್ಕೆ. ದಾಳಿಂಬೆ ಸಿಪ್ಪೆಯನ್ನು ಒಣಗಿಸಿಟ್ಟರೆ ತಂಬುಳಿಯಾಗುತ್ತದೆ, ಹೊಟ್ಟೆ ಕೆಟ್ಟಾಗ ಅದಕ್ಕಿಂತ ಒಳ್ಳೆಯದಿಲ್ಲ.

ಬೆಂಗಳೂರಿನಲ್ಲಿ ಹಿತ್ತಿಲು ಎಲ್ಲಿಂದ ಅಂತೀರಾ? ದೊಡ್ಡಪತ್ರೆ, ಒಂದೆಲಗ, ಬಸಳೆ, ಕರಿಬೇವು ಕುಂಡದಲ್ಲೇ ಬರುತ್ತವೆ. ದೊಡ್ಡಪತ್ರೆಯ ಒಂದು ಕಡ್ಡಿ ಚುಚ್ಚಿದರೆ ಸಾಕು. ನಾಲ್ಕೈದು ಎಲೆ, ಸ್ವಲ್ಪ ಜೀರಿಗೆ, ಕಾಳುಮೆಣಸು, ಒಂದು ಹಿಡಿ ಕಾಯಿತುರಿ, ಮಜ್ಜಿಗೆ. ಮಧ್ಯಾಹ್ನದ ಊಟಕ್ಕೆ ಒಲೆ ಹೆಚ್ಚು ಉರಿಸದ ಸಾರು ಸಿದ್ಧ.

ಇನ್ನೊಂದು. ಯಾವುದೋ ಒಂದು ತರಕಾರಿ ಇಲ್ಲದೆ ಅಡುಗೆಯೇ ಆಗುವುದಿಲ್ಲ ಅನ್ನುವ ಅಭ್ಯಾಸ ಬಿಡಬೇಕು. 2023ರ ಜುಲೈನಲ್ಲಿ ಟೊಮೆಟೊ ಕೆಜಿಗೆ ನೂರು ದಾಟಿದಾಗ ಎಷ್ಟು ಜನ ಒದ್ದಾಡಿದರು! ಹುಳಿಗೆ ಟೊಮೆಟೊ ಒಂದೇ ಅಲ್ಲವಲ್ಲ. ಹುಣಸೆ, ಮಾವಿನಕಾಯಿ, ಅಮಟೆಕಾಯಿ, ಬಿಂಬುಳಿ, ಪುನರ್ಪುಳಿ, ಮಜ್ಜಿಗೆ, ಎಷ್ಟೊಂದು ಇವೆ.

ಎಂಟು ಗಂಟೆ ಬಸ್ಸು

ಎಲ್ಲಾ ಓದಿದೆ. ಒಳ್ಳೆಯ ಮಾತುಗಳೇ. ಆದರೆ ಒಂದು ಮಾತು ಹೇಳಲೇಬೇಕು. ಬೇಳೆಗೆ ಹರಳೆಣ್ಣೆ ಹಚ್ಚುವುದು, ಮೆಣಸಿನಕಾಯಿ ಒಣಗಿಸುವುದು, ಸಿಪ್ಪೆ ಚಟ್ನಿ ಅರೆಯುವುದು, ಇದೆಲ್ಲ ಯಾರ ಕೆಲಸ? ನಾನು ಬೆಳಗ್ಗೆ ಎಂಟಕ್ಕೆ ಬಸ್ಸು ಹತ್ತುತ್ತೇನೆ, ಮನೆಗೆ ಬರುವಾಗ ರಾತ್ರಿ ಎಂಟಾಗಿರುತ್ತದೆ. ಯಲಹಂಕದ ಅಕ್ಕ ಹೊಲಿಗೆ ಮಾಡುತ್ತಾರೆ. ಅವರ ಎರಡು ಗಂಟೆಗೆ ಬೆಲೆ ಇದೆ. ಎರಡು ಗಂಟೆ ಕೂತು ಐವತ್ತು ರೂಪಾಯಿ ಉಳಿಸುವ ಬದಲು ಒಂದು ಬ್ಲೌಸ್ ಹೊಲಿದರೆ ಜಾಸ್ತಿ ಬರುತ್ತದೆ, ಅಲ್ವಾ?

ಉಳಿತಾಯದ ಲೆಕ್ಕ ಹಾಕುವಾಗ ಹೆಂಗಸರ ದುಡಿಮೆಯನ್ನು ಸೊನ್ನೆ ಅಂತ ಹಿಡಿಯಬೇಡಿ. ಮನೆ ಖರ್ಚು ಎಲ್ಲರದು ಅಂದಮೇಲೆ ಉಳಿಸುವ ಕೆಲಸವೂ ಎಲ್ಲರದಾಗಬೇಕು.

ಮೈಸೂರು ಉಗ್ರಾಣ

ನಿಜ ಮಗಳೇ. ನಮ್ಮ ಕಾಲದಲ್ಲಿ ಮನೆ ತುಂಬ ಜನ ಇದ್ದರು. ಅತ್ತೆ, ನಾದಿನಿ, ಓರಗಿತ್ತಿ ಎಲ್ಲಾ ಕೂತು ಮಾತಾಡುತ್ತಾ ಮಾಡುತ್ತಿದ್ದೆವು. ಈಗ ಒಬ್ಬಳೇ ಮಾಡು ಅಂದರೆ ಆಗುವುದಿಲ್ಲ. ಬೇಳೆ ಕೆಲಸ ವರ್ಷಕ್ಕೊಂದು ಭಾನುವಾರ. ಆ ದಿನ ಗಂಡ, ಮಕ್ಕಳು ಎಲ್ಲರೂ ಕೂರಲಿ. ಮಕ್ಕಳ ಕೈಯಲ್ಲಿ ಕಸ ಆರಿಸು.

ಭಾನುವಾರದ ಸಂತೆ

ನಾನು ಗಂಡಸು, ಮನೆಗೆ ತರಕಾರಿ ತರುವುದು ನನ್ನ ಕೆಲಸ. ಎಂಟು ಗಂಟೆ ಬಸ್ಸಿನವರು ಹೇಳಿದ್ದು ಸರಿ, ಅದಕ್ಕೇ ಬರೆಯುತ್ತಿದ್ದೇನೆ.

ವಾರಕ್ಕೊಮ್ಮೆ ದೊಡ್ಡ ಮಾರುಕಟ್ಟೆಯಿಂದ ಈರುಳ್ಳಿ, ಆಲೂಗಡ್ಡೆ, ಬೆಳ್ಳುಳ್ಳಿ, ಕ್ಯಾರೆಟ್, ಬೀಟ್‌ರೂಟ್ ತರುತ್ತೇನೆ. ಸೊಪ್ಪು ಮಾತ್ರ ಆಯಾ ದಿನ ಬೀದಿಗೆ ಬರುವ ಅಮ್ಮನ ಹತ್ತಿರ. ಅವರ ಹತ್ತಿರ ಚೌಕಾಸಿ ಮಾಡುವುದಿಲ್ಲ. ಬೆಳಗಿನ ಜಾವ ಮಾರುಕಟ್ಟೆಗೆ ಹೋಗಿ ಹೊತ್ತು ತಂದ ಸೊಪ್ಪಿಗೆ ಐದು ರೂಪಾಯಿ ಕಡಿಮೆ ಮಾಡಿಸಿ ನಾನು ಶ್ರೀಮಂತನಾಗುವುದು ಬೇಡ.

ಹಾಪ್‌ಕಾಮ್ಸ್ ಮಳಿಗೆ ಹತ್ತಿರವಿದ್ದರೆ ಅಲ್ಲಿನ ದರ ನೋಡಿ. 1959ರಿಂದ ಇರುವ ರೈತರ ಸಹಕಾರ ಸಂಘ ಅದು. ದಿನದ ದರ ಬೋರ್ಡಿನಲ್ಲೇ ಇರುತ್ತದೆ. ಬೇರೆ ಕಡೆ ಕೊಳ್ಳುವುದಾದರೂ ಅದನ್ನು ನೋಡಿಕೊಂಡರೆ ಯಾರು ಜಾಸ್ತಿ ಹೇಳುತ್ತಿದ್ದಾರೆ ಅಂತ ಗೊತ್ತಾಗುತ್ತದೆ. ಹೆಂಗಸರಿಗೆ ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ಬಸ್ಸಿನಲ್ಲಿ ಮಾರುಕಟ್ಟೆಗೆ ಹೋಗಿಬರುವ ಖರ್ಚೂ ಇಲ್ಲ.

ನಮ್ಮ ಮನೆಯಲ್ಲಿ ದೊಡ್ಡ ಬದಲಾವಣೆ ಆಗಿದ್ದು ಹತ್ತು ನಿಮಿಷದಲ್ಲಿ ತಂದುಕೊಡುವ ಆ್ಯಪ್ ತೆಗೆದುಹಾಕಿದಾಗ. ಅಲ್ಲಿ ಸಾಮಾನಿನ ಬೆಲೆ ಜಾಸ್ತಿ ಅನ್ನುವುದಕ್ಕಿಂತ, ಒಂದು ಕೊತ್ತಂಬರಿ ಕಟ್ಟಿಗೆ ಹೋಗಿ ಚಿಪ್ಸ್, ಐಸ್‌ಕ್ರೀಂ ಎಲ್ಲಾ ಸೇರಿಕೊಳ್ಳುತ್ತದೆ. ಡೆಲಿವರಿ ಉಚಿತ ಆಗಲಿ ಅಂತ ಇನ್ನೆರಡು ಸಾಮಾನು. ಮೇಲೆ ಹ್ಯಾಂಡ್ಲಿಂಗ್ ಚಾರ್ಜು. ಈಗ ಫ್ರಿಜ್ ಮೇಲೆ ಒಂದು ಚೀಟಿ ಅಂಟಿಸಿದ್ದೇವೆ. ಮುಗಿದಿದ್ದನ್ನು ಮುಗಿಸಿದವರೇ ಬರೆಯಬೇಕು. ಚೀಟಿಯಲ್ಲಿ ಇಲ್ಲದ್ದು ಮನೆಗೆ ಬರುವುದಿಲ್ಲ.

ಔಷಧಿ ಅಂಗಡಿ

ಅತ್ತೆಯವರ ಬಿಪಿ, ಶುಗರ್ ಮಾತ್ರೆ ಅಂದಿರಿ. ಅದನ್ನು ಯಾರೂ ಮುಟ್ಟಲಿಲ್ಲ. ನಿಮ್ಮ ಪಟ್ಟಿಯಲ್ಲಿ ಬೇಗ ಉಳಿಯುವುದು ಅಲ್ಲೇ. ಮೆಟ್‌ಫಾರ್ಮಿನ್, ಅಮ್ಲೋಡಿಪಿನ್, ಟೆಲ್ಮಿಸಾರ್ಟನ್, ಅಟೋರ್ವಾಸ್ಟಾಟಿನ್, ಇಂಥವು ಜನೌಷಧಿ ಕೇಂದ್ರದಲ್ಲಿ ಬ್ರಾಂಡ್ ಮಾತ್ರೆಯ ಅರ್ಧ ಬೆಲೆಗೂ ಕಡಿಮೆಗೆ ಸಿಗುತ್ತವೆ. ಕೆಲವು ಅದಕ್ಕಿಂತಲೂ ಕಡಿಮೆ. ‘ಜನೌಷಧಿ ಸುಗಮ್’ ಅನ್ನುವ ಆ್ಯಪ್‌ನಲ್ಲಿ ಹತ್ತಿರದ ಕೇಂದ್ರ, ಬೆಲೆ ಎರಡೂ ನೋಡಬಹುದು.

ಹೋಗುವ ಮುಂಚೆ ಮಾತ್ರೆ ಹಾಳೆಯ ಹಿಂದೆ ಬ್ರಾಂಡ್ ಹೆಸರಿನ ಜೊತೆಗಿರುವ ಔಷಧಿಯ ಮೂಲ (ಜನರಿಕ್) ಹೆಸರು ಮತ್ತು ಎಷ್ಟು ಮಿಲಿಗ್ರಾಂ ಅಂತ ಬರೆದುಕೊಳ್ಳಿ. ಕೆಲವದರ ಹೆಸರಿನ ಕೊನೆಗೆ ಎಸ್‌ಆರ್, ಇಆರ್ ಅಂತ ಇರುತ್ತದೆ. ಅಂದರೆ ನಿಧಾನವಾಗಿ ಕರಗುವ ಮಾತ್ರೆ. ಅದನ್ನೂ ಬರೆದುಕೊಳ್ಳಿ, ಸಾದಾ ಮಾತ್ರೆ ಅದಕ್ಕೆ ಬದಲಿಯಲ್ಲ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಜನರಿಕ್ ಹೆಸರಲ್ಲೇ ಬರೆದುಕೊಡಿ ಅಂತ ಕೇಳಿ, ಅದಕ್ಕೆ ಸಂಕೋಚ ಬೇಡ. ಥೈರಾಯ್ಡ್, ಫಿಟ್ಸ್, ರಕ್ತ ತೆಳು ಮಾಡುವ ಔಷಧಿಗಳನ್ನು ಮಾತ್ರ ಡಾಕ್ಟರನ್ನು ಕೇಳದೆ ಬದಲಿಸಲೇಬೇಡಿ. ಉಳಿಸಲು ಅಂತ ದಿನ ಬಿಟ್ಟು ದಿನ ಮಾತ್ರೆ ತಗೊಳ್ಳುವವರನ್ನು ಕಂಡರೆ ನನಗೆ ಬೇಜಾರಾಗುತ್ತದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ.

ಲೇಬಲ್ ಓದುವವ

ಅಂಗಡಿಯಲ್ಲಿ ಬೆಲೆ ನೋಡುವುದರ ಜೊತೆ ತೂಕ ನೋಡಿ. ಹಳೇ ಬೆಲೆಯೇ ಇದೆ ಅನಿಸುತ್ತದೆ, ಪ್ಯಾಕೆಟ್ ಸಣ್ಣದಾಗಿರುತ್ತದೆ. ಅಡುಗೆ ಎಣ್ಣೆ ಒಂದು ಲೀಟರ್ ಅಂದರೆ ಸುಮಾರು 910 ಗ್ರಾಂ. ಈಗ ಅದೇ ಅಳತೆಯದು ಅನ್ನಿಸುವಂಥ ಪ್ಯಾಕೆಟ್‌ನಲ್ಲಿ 750, 800 ಗ್ರಾಂ ಕೂಡ ಬರುತ್ತದೆ. ಪಕ್ಕಪಕ್ಕ ಇಟ್ಟರೆ ಕಣ್ಣಿಗೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಅದಕ್ಕೇ ಪ್ಯಾಕೆಟ್ ಮೇಲೆ ಎಂಆರ್‌ಪಿ ಹತ್ತಿರ ಒಂದು ಗ್ರಾಂಗೆ ಅಥವಾ ಒಂದು ಕೆಜಿಗೆ ಎಷ್ಟು ಅಂತ ಹಾಕಿರುತ್ತಾರೆ. ಹೋಲಿಸಬೇಕಾದ್ದು ಆ ಸಂಖ್ಯೆಯನ್ನು. ದೊಡ್ಡ ಪ್ಯಾಕೆಟ್ ಯಾವಾಗಲೂ ಅಗ್ಗ ಅನ್ನುವುದೂ ಸುಳ್ಳು. ಕೆಲವು ಶಾಂಪೂಗಳಲ್ಲಿ ಸಣ್ಣ ಸ್ಯಾಷೆಯೇ ಅಗ್ಗ ಬೀಳುತ್ತದೆ.

2025ರ ಸೆಪ್ಟೆಂಬರ್ 22ರಿಂದ ಸ್ನಾನದ ಸೋಪು, ಶಾಂಪೂ, ಟೂತ್‌ಪೇಸ್ಟ್, ತಲೆಗೆ ಹಚ್ಚುವ ಎಣ್ಣೆ ಇವುಗಳ ಜಿಎಸ್‌ಟಿ ಶೇ 18ರಿಂದ 5ಕ್ಕೆ ಇಳಿದಿದೆ. ತುಪ್ಪ, ಬೆಣ್ಣೆಗೆ 12ರಿಂದ 5.

ಧಾರವಾಡದಾಕೆ

ಗ್ಯಾಸಿನ ಬಗ್ಗೆ ಎರಡು ಮಾತು ರೀ. ಸಿಲಿಂಡರ್ ಬಂದಾಗ ತೂಕ ಹಾಕಿಸಿ. ಖಾಲಿ ಸಿಲಿಂಡರಿನ ತೂಕ ಅದರ ಮೇಲ್ಭಾಗದಲ್ಲೇ ಬರೆದಿರುತ್ತದೆ. ಅದು 15.3 ಕೆಜಿ ಇದ್ದರೆ ತುಂಬಿದ್ದು 29.5 ಇರಬೇಕು, ಒಳಗಿರುವ ಗ್ಯಾಸು 14.2 ಕೆಜಿ. ತೂಕದ ತಕ್ಕಡಿ ಸಿಲಿಂಡರ್ ತಂದವರ ಹತ್ತಿರ ಇರಬೇಕು. ಕೇಳುವುದು ನಿಮ್ಮ ಹಕ್ಕು. ನಮ್ಮ ಮನೆಗೆ ಒಮ್ಮೆ ಕಡಿಮೆ ತೂಕದ್ದು ಬಂದಿತ್ತು, ಕೇಳಿದ ಮೇಲೆ ಬದಲಿಸಿ ಕೊಟ್ಟರು.

ಕಾಳು ರಾತ್ರಿಯೇ ನೆನೆಯಲಿ. ಬೇಳೆ, ಅಕ್ಕಿ ಅರ್ಧ ಗಂಟೆ ನೆನೆದರೂ ಸಾಕು. ಕುಕ್ಕರ್ ಮೊದಲ ಸೀಟಿ ಹೊಡೆದ ಮೇಲೆ ಉರಿ ಸಣ್ಣ ಮಾಡಿ. ಒಳಗಿನ ಬಿಸಿ ಅಷ್ಟೇ ಇರುತ್ತದೆ, ದೊಡ್ಡ ಉರಿಯಲ್ಲಿ ಬರೀ ಸೀಟಿ ಜಾಸ್ತಿ. ಉರಿ ಹಳದಿಯಾಗಿ ಪಾತ್ರೆಯ ತಳ ಕಪ್ಪಾಗುತ್ತಿದ್ದರೆ ಬರ್ನರ್ ತೂತು ಕಟ್ಟಿದೆ ಅಂತ. ಹುಣಸೆನೀರಲ್ಲಿ ನೆನೆಸಿ, ಬ್ರಷ್ಷಿನಿಂದ ತಿಕ್ಕಿ, ಪೂರ್ತಿ ಒಣಗಿದ ಮೇಲೆ ಹಾಕಿ.

ಹಳೇ ಸೀರೆ, ಧೋತರ ಬಿಸಾಡಬೇಡಿ. ನಮ್ಮಲ್ಲಿ ಕೌದಿ ಹೊಲಿಯುತ್ತಾರೆ. ನೀವೂ ಹೊಲಿಗೆಯವರು. ಬ್ಲೌಸ್ ಹೊಲಿದು ಉಳಿದ ತುಂಡು ಬಟ್ಟೆಗೆ ಅದಕ್ಕಿಂತ ಒಳ್ಳೆಯ ಉಪಯೋಗ ಬೇರೆ ಇಲ್ಲ.

ಎಂಟು ಗಂಟೆ ಬಸ್ಸು

ನೀರಿನದು ಯಾರೂ ಹೇಳಿಲ್ಲ. 2024ರ ಬೇಸಿಗೆಯಲ್ಲಿ ಟ್ಯಾಂಕರಿಗೆ ದುಡ್ಡು ಸುರಿದವರಿಗೆ ಗೊತ್ತು. ಆ ಮಾರ್ಚ್‌ನಲ್ಲಿ ಜಲಮಂಡಳಿ ಅಪಾರ್ಟ್‌ಮೆಂಟು, ಹೋಟೆಲುಗಳ ನಲ್ಲಿಗೆ ಏರಿಯೇಟರ್ ಕಡ್ಡಾಯ ಮಾಡಿತು. ನಾವು ಅಡುಗೆಮನೆ ಸಿಂಕಿಗೆ ಹಾಕಿಸಿದೆವು. ಕಡಿಮೆ ಬೆಲೆಯ ಸಣ್ಣ ಜಾಲರಿ, ಪಾತ್ರೆ ತೊಳೆಯಲು ಏನೂ ತೊಂದರೆಯಿಲ್ಲ. ಆರ್‌ಒ ಇದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಎರಡು ಮೂರು ಲೀಟರ್ ಹೊರಗೆ ಹೋಗುತ್ತದೆ. ಆ ಪೈಪನ್ನು ಬಕೆಟ್ಟಿಗೆ ಬಿಡಿ. ನೆಲ ಒರೆಸಲು, ಶೌಚಕ್ಕೆ ಆಗುತ್ತದೆ.

ಯಲಹಂಕದ ಹೊಲಿಗೆ

ಎಲ್ಲರಿಗೂ ಮನಸಾರೆ ವಂದನೆ. ಓದುತ್ತಾ ಓದುತ್ತಾ ಮನೆಯವರಿಗೂ ತೋರಿಸಿದೆ. ತರಕಾರಿ ತರುವುದು ಇನ್ನು ಮುಂದೆ ಅವರ ಕೆಲಸ ಅಂತ ಒಪ್ಪಿಕೊಂಡಿದ್ದಾರೆ. ಗೃಹಜ್ಯೋತಿಗೆ ಓನರ್ ಹತ್ತಿರ ಹಳೇ ಬಾಡಿಗೆಯವರ ನಂಬರ್ ತಗೊಂಡೆ. ಅತ್ತೆಯ ಮಾತ್ರೆಯ ಹೆಸರು ಬರೆದಿಟ್ಟಿದ್ದೇನೆ, ಎರಡರಲ್ಲಿ ಎಸ್‌ಆರ್ ಅಂತಿದೆ. ಮುಂದಿನ ವಾರ ಡಾಕ್ಟರ ಹತ್ತಿರ ಹೋಗುವುದಿದೆ, ಕೇಳುತ್ತೇನೆ.

ಮನೆಗೆಲಸಕ್ಕೆ ಬರುವವರನ್ನು ಬಿಡಿಸಿದರೆ ಉಳಿಯುತ್ತದೆ ಅಂತ ನೆಂಟರೊಬ್ಬರು ಹೇಳಿದರು. ಮನಸ್ಸು ಬರುತ್ತಿಲ್ಲ. ನಾನು ಹೊಲಿಗೆಗೆ ಕೂರಲು ಆಗುವುದೇ ಅವರು ಬರುವುದರಿಂದ.

ಎಂಟು ಗಂಟೆ ಬಸ್ಸು

ಬಿಡಿಸಬೇಡಿ ಅಕ್ಕ. ಅದು ನಿಮ್ಮ ಸಂಪಾದನೆಯ ಖರ್ಚು, ಮನೆ ಖರ್ಚಲ್ಲ. ಅವರ ಮನೆಯೂ ಅದೇ ದುಡ್ಡಿನಲ್ಲಿ ನಡೆಯುವುದು.

ಯಲಹಂಕದ ಹೊಲಿಗೆ

ಸರಿ. ಕೊನೆಗೊಂದು ಪ್ರಶ್ನೆ. ವರ್ಷದ ಬೇಳೆಗೆ ಒಮ್ಮೆಲೇ ಅಷ್ಟು ದುಡ್ಡು ಹಾಕಲು ಕಷ್ಟ. ನಮ್ಮ ಬೀದಿಯಲ್ಲಿ ಇನ್ನೂ ಮೂರು ಮನೆಯವರು ಸೇರುತ್ತೇವೆ ಅನ್ನುತ್ತಿದ್ದಾರೆ. ಒಂದು ಮೂಟೆ ತಂದು ಹಂಚಿಕೊಂಡರೆ ಆಗುತ್ತದಾ? ಬೆಂಗಳೂರಿನಲ್ಲಿ ಎಲ್ಲಿ ಸಿಗುತ್ತದೆ?

ಭಾನುವಾರದ ಸಂತೆ

ಖಂಡಿತ ಆಗುತ್ತದೆ. ಯಶವಂತಪುರ ಎಪಿಎಂಸಿ ಯಾರ್ಡಿನಲ್ಲಿ ಬೇಳೆಯ ಸಗಟು ಅಂಗಡಿಗಳ ಸಾಲೇ ಇದೆ, ಯಲಹಂಕದಿಂದ ದೂರವೂ ಅಲ್ಲ. ನಾಲ್ಕೈದು ಅಂಗಡಿಯಲ್ಲಿ ಕೇಳಿ. ಮೂಟೆ ಬಿಚ್ಚಿಸಿ, ಒಂದು ಹಿಡಿ ಕೈಗೆ ತಗೊಂಡು ನುಚ್ಚು, ಕಲ್ಲು ಎಷ್ಟಿದೆ ನೋಡಿ. ತುಂಬಾ ಹೊಳೆಯುವ ಪಾಲಿಶ್ ಬೇಳೆ ಬೇಡ. ಸಾಧ್ಯವಾದರೆ ಅರ್ಧ ಕೆಜಿ ಮನೆಗೆ ತಂದು ಬೇಯಿಸಿ ನೋಡಿ ಆಮೇಲೆ ಮೂಟೆ ತಗೊಳ್ಳಿ. ಬಿಲ್ಲು ಕೇಳಿ. ತೂಕ ನಿಮ್ಮೆದುರೇ ಆಗಲಿ. ನಾಲ್ಕು ಮನೆಯ ಪಾಲನ್ನು ಬರೆದಿಟ್ಟುಕೊಂಡು ಹಂಚಿ. ಹೊಸ ಬೇಳೆ ಬರುವವರೆಗೆ ಪ್ರತಿ ತಿಂಗಳು ಒಂದಿಷ್ಟು ಅಂತ ನಾಲ್ವರೂ ತೆಗೆದಿಡುತ್ತಾ ಬಂದರೆ, ಆ ಹೊತ್ತಿಗೆ ದುಡ್ಡು ಕೈಯಲ್ಲಿರುತ್ತದೆ.